ತೊಂಬತ್ತು, ನಲವತ್ತು, ನಡುವೆ ಅರವತ್ತು

ಹೋದ ವಾರ ವಿಜಯವಾಡದ ಬೆಂಜ್ ಸರ್ಕಲ್ ಹತ್ತಿರದ ಲ್ಯಾಬೊಂದರಲ್ಲಿ ರಕ್ತ ಪರೀಕ್ಷೆಗೆಂದು ಕೂತಿದ್ದೆ. ಅಲ್ಲಿಯ ಹುಡುಗಿ ನನ್ನ ತೋಳಿಗೆ ರಬ್ಬರ್ ಪಟ್ಟಿ ಬಿಗಿದು, ಹತ್ತಿಯನ್ನು ಸ್ಪಿರಿಟ್‌ನಲ್ಲಿ ಅದ್ದಿ ಒರೆಸಿದಳು. ಆ ವಾಸನೆ ಮೂಗಿಗೆ ಚುರ್ರೆಂದದ್ದೇ ತಡ, ನನಗೆ ನಗು ಬಂದುಬಿಟ್ಟಿತು. ಸಣ್ಣ ನಗುವಲ್ಲ, ತೋಳು ಕುಲುಕುವಷ್ಟು. ಸೂಜಿ ಹಿಡಿದಿದ್ದ ಹುಡುಗಿ ಕೈ ಹಿಂದಕ್ಕೆ ತೆಗೆದುಕೊಂಡು, "ಏಮೈಂದಿ ಮೇಡಂ?" ಎಂದಳು. ಸೂಜಿ ಕಂಡು ಅಳುವವರನ್ನು, ಕಣ್ಣು ಮುಚ್ಚಿಕೊಳ್ಳುವವರನ್ನು ಅವಳು ದಿನವೂ ನೋಡುತ್ತಿರಬಹುದು. ನಗುವವಳು ಸಿಕ್ಕಿದ್ದು ಮೊದಲ ಸಲ ಇರಬೇಕು. "ಏನಿಲ್ಲಮ್ಮ, ನಮ್ಮಕ್ಕ ನೆನಪಾದ್ರು" ಎಂದೆ ನನ್ನ ಅರೆಬರೆ ತೆಲುಗಿನಲ್ಲಿ. ಅದಕ್ಕಿಂತ ಹೆಚ್ಚು ಹೇಳುವ ಹಾಗಿರಲಿಲ್ಲ. ಹೇಳಹೊರಟರೆ ಒಂದು ಇಡೀ ಬೀದಿಯ ರಂಗೋಲಿಯ ಕತೆ ಹೇಳಬೇಕಾಗುತ್ತಿತ್ತು...

ಅವರು ನನ್ನ ಒಡಹುಟ್ಟಿದ ಅಕ್ಕನಲ್ಲ. ವಿಶಾಖಪಟ್ಟಣದಲ್ಲಿ ನಾವು ಬಾಡಿಗೆಗಿದ್ದ ಮನೆಯ ಕೆಳಗಿನ ಅಂತಸ್ತಿನಲ್ಲಿದ್ದವರು. ನಮ್ಮ ಯಜಮಾನರಿಗೆ ಅಚ್ಯುತಾಪುರಂನ ಕಾರ್ಖಾನೆಯೊಂದರಲ್ಲಿ ಕೆಲಸ; ಬೆಳಿಗ್ಗೆ ಆರೂವರೆಗೆ ಕಂಪನಿ ಬಸ್ಸು ಹತ್ತಿದರೆ ಬರುವುದು ಸಂಜೆಯೇ. ಮೈಸೂರಿನಿಂದ ಬಂದ ಹೊಸತರಲ್ಲಿ ನನಗೆ ಮಾತಾಡಲು ಯಾರೂ ಇರಲಿಲ್ಲ. ಒಂದು ದಿನ ಉಕ್ಕಿ ಹರಿದ ಹಾಲಿಗೆ ನಾನು ಕನ್ನಡದಲ್ಲಿ ಬೈಯುತ್ತಿದ್ದೆ. ಕೆಳಗಿನಿಂದ ಒಂದು ದನಿ ಬಂತು: "ಉಕ್ಕಿಸಿಬಿಟ್ಟೇನವ್ವಾ? ಹೋಗ್ಲಿ ಬಿಡು, ಒರೆಸು ಮೊದ್ಲು, ಇರುವೆ ಬರ್ತವೆ!" ಬಳ್ಳಾರಿ ಕನ್ನಡ. ಆ ಕ್ಷಣದಿಂದ ಅವರು ನನಗೆ ಅಕ್ಕ.

ಬಳ್ಳಾರಿಯಿಂದ ತೆಲುಗು ಮನೆಗೆ ಮದುವೆಯಾಗಿ ಬಂದು ಇಪ್ಪತ್ತು ವರ್ಷವಾಗಿತ್ತಂತೆ. ಮಕ್ಕಳಿರಲಿಲ್ಲ. ಎಣಿಸುವುದು ತೆಲುಗಿನಲ್ಲಿ, ಓದುವುದು ಇಂಗ್ಲಿಷಿನಲ್ಲಿ, ಬೈಯುವುದು ಮಾತ್ರ ಕನ್ನಡದಲ್ಲಿ. ಬೀದಿಯ ತುದಿಯಲ್ಲಿ ಗಂಡನ ಮೆಡಿಕಲ್ ಶಾಪ್ ಇತ್ತು. ಹದಿನಾರು ವರ್ಷ ಅವರ ಪಕ್ಕದಲ್ಲಿ ಕೌಂಟರಿನಲ್ಲಿ ನಿಂತವರು. ತುರುಬಿನಲ್ಲಿ ಸದಾ ಒಂದು ಬಾಲ್ ಪೆನ್ನು. ಎಡಗೈಯಲ್ಲಿ ಬಳೆಯ ಮೇಲೆ ನಾಲ್ಕಾರು ರಬ್ಬರ್ ಬ್ಯಾಂಡು. ಹತ್ತಿರ ಬಂದರೆ ಮಲ್ಲಿಗೆ ಹೂವಿನ ಜೊತೆ ಬಿ-ಕಾಂಪ್ಲೆಕ್ಸ್ ಮಾತ್ರೆಯ ವಾಸನೆ.

ಗಂಡ ಹೃದಯಾಘಾತದಿಂದ ತೀರಿಕೊಂಡಾಗ ಅಂಗಡಿಗೆ ಕಂಟಕ ಬಂತು. ಮೆಡಿಕಲ್ ಶಾಪ್ ನಡೆಯಬೇಕಾದರೆ ರಿಜಿಸ್ಟರ್ ಆದ ಫಾರ್ಮಸಿಸ್ಟ್ ಒಬ್ಬರು ಅಲ್ಲಿರಲೇಬೇಕು. ಆ ಸರ್ಟಿಫಿಕೇಟನ್ನು ಗೋಡೆಗೆ ತೂಗುಹಾಕಿರಬೇಕು. ಇದ್ದದ್ದು ಗಂಡನದು. ಅವರ ಗೆಳೆಯರೊಬ್ಬರು, ನಿವೃತ್ತ ಫಾರ್ಮಸಿಸ್ಟ್, ತಮ್ಮ ಸರ್ಟಿಫಿಕೇಟು ತಂದು ಹಾಕಿ, ದಿನವೂ ಬಂದು ಕುರ್ಚಿಯಲ್ಲಿ ಪೇಪರ್ ಓದುತ್ತಾ ಕೂರತೊಡಗಿದರು. "ನೀನು ಪಾಸಾಗೋ ತನಕ ಕೂರ್ತೀನಮ್ಮ" ಎಂದಿದ್ದರಂತೆ. ಅಕ್ಕ ನಲವತ್ತು ದಾಟಿದ ಮೇಲೆ, ಮೀಸೆ ಚಿಗುರುತ್ತಿದ್ದ ಹುಡುಗರ ನಡುವೆ ಕೂತು ಎರಡು ವರ್ಷದ ಫಾರ್ಮಸಿ ಡಿಪ್ಲೊಮಾ ಮುಗಿಸಿದರು. ಎಲ್ಲ ಪೇಪರೂ ಆಯಿತು, ಒಂದು ಬಿಟ್ಟು. ಲೆಕ್ಕ ಇದ್ದ ಪೇಪರು. ಅದು ಎರಡು ಸಲ ಕೈಕೊಟ್ಟಿತು. ಅಷ್ಟರಲ್ಲಿ ಆ ಹಿರಿಯರು, ಬೇಸಿಗೆಗೆ ಮಗಳ ಮನೆಗೆ ಹೋಗಿ ಅಲ್ಲೇ ಇದ್ದುಬಿಡುವುದಾಗಿ ಹೇಳಿದರು. ಸಂಕ್ರಾಂತಿ ಕಳೆದ ಮೇಲೆ ಬರುವ ಸಪ್ಲಿಮೆಂಟರಿಯಲ್ಲಿ ಅಕ್ಕ ಪಾಸಾಗಬೇಕು, ಇಲ್ಲದಿದ್ದರೆ ಶಟರ್ ಎಳೆಯಬೇಕು. ಇದು 2015ರ ಕೊನೆಯ ಮಾತು.

ಇದರ ಮೇಲೆ ಇನ್ನೊಂದು ಪೇಚು. ಫಲಿತಾಂಶ ಬಂದ ದಿನ ಅಕ್ಕ, "ಒಂದು ಬಿಟ್ಟು ಎಲ್ಲಾ ಆಯ್ತು ಅತ್ತಯ್ಯ" ಎಂದರಂತೆ. ಅವರ ಅತ್ತೆಗೆ ಸಂತೋಷ ಎಷ್ಟಾಯಿತೆಂದರೆ "ಒಂದು ಬಿಟ್ಟು" ಎನ್ನುವುದನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ. ಸೊಸೆ ಅಂಗಡಿಯಿಂದ ಮರಳುವಷ್ಟರಲ್ಲಿ ಇಡೀ ಬೀದಿಗೆ ಬೂಂದಿ ಲಡ್ಡು ಹಂಚಿ ಮುಗಿಸಿದ್ದರು. ಲಡ್ಡು ತಿಂದವರ ಮುಂದೆ ಈಗ ಪಾಸಾಗಿಲ್ಲ ಎಂದು ಹೇಳುವುದು ಹೇಗೆ? ಹಾಗಾಗಿ ಓದು ಗುಟ್ಟಿನಲ್ಲಿ ನಡೆಯಬೇಕಾಯಿತು; ಮಧ್ಯಾಹ್ನ ಅಂಗಡಿ ಮುಚ್ಚಿದ ಎರಡು ಗಂಟೆ, ಅವರ ಅಡುಗೆಮನೆಯಲ್ಲಿ. ನಾನು ಟೀಚರು. "ಕಾನ್ವೆಂಟ್‌ನಾಗೆ ಓದೀಯಲ್ಲ, ಲೆಕ್ಕ ಬರ್ತೈತಲ್ಲ ನಿನಗೆ?" ಎಂದು ಕೇಳಿದ್ದರು. ನನಗೆ ಬರುತ್ತಿದ್ದದ್ದು ಶಾಲೆಯ ಲೆಕ್ಕ. ಆದರೂ ಹೂಂ ಎಂದುಬಿಟ್ಟೆ.

ಪುಸ್ತಕ ತೆರೆದು ನೋಡಿದರೆ ಗ್ರೇನು, ಮಿನಿಮ್, ಡ್ರಾಮ್, ಔನ್ಸು... ಬ್ರಿಟಿಷರು ಬಿಟ್ಟುಹೋದ ಅಳತೆಗಳೆಲ್ಲ ಅಲ್ಲಿ ಸಾಲಾಗಿ ಕೂತಿದ್ದವು. ಅರವತ್ತು ಮಿನಿಮ್‌ಗೆ ಒಂದು ಡ್ರಾಮ್, ಎಂಟು ಡ್ರಾಮ್‌ಗೆ ಒಂದು ಔನ್ಸ್ ಎಂದು ನಾನು ಓದಿದ್ದಕ್ಕೆ ಅಕ್ಕ ಪೆನ್ನು ಕೆಳಗಿಟ್ಟರು.

"ಅಲ್ಲ, ಹದಿನಾರು ವರ್ಷ ಕೌಂಟರ್‌ನಾಗೆ ನಿಂತೀನಿ. ಒಬ್ಬರಾದ್ರೂ ಬಂದು ಎರಡು ಡ್ರಾಮ್ ಕೊಡವ್ವ ಅಂದಿಲ್ಲ. ಇದನ್ನ ಯಾರಿಗೆ ಮಾರ್ಲಿ?"

"ಮಾರೋದಲ್ಲ ಅಕ್ಕ, ಬರೆಯೋದು."

ವಿಚಿತ್ರವೆಂದರೆ ಅಂಗಡಿಯಲ್ಲಿ ಅವರ ಕೈ ಒಮ್ಮೆಯೂ ತಪ್ಪುತ್ತಿರಲಿಲ್ಲ. ಮಗುವಿನ ಜ್ವರದ ಡ್ರಾಪ್ಸಿನಲ್ಲಿ ಔಷಧಿ ಎಷ್ಟು ಗಟ್ಟಿ, ಸಿರಪ್ಪಿನಲ್ಲಿ ಎಷ್ಟು ತೆಳು ಎನ್ನುವುದು ಅವರಿಗೆ ನಿದ್ದೆಯಲ್ಲೂ ಗೊತ್ತು. ಡ್ರಾಪ್ಸನ್ನು ಚಮಚದಲ್ಲಿ ಕುಡಿಸುತ್ತಿದ್ದ ಒಬ್ಬ ತಾಯಿಯನ್ನು ಬೀದಿಯಲ್ಲೇ ನಿಲ್ಲಿಸಿ ಬೈದು, ಅಂಗಡಿಗೆ ಕರೆತಂದು ಹನಿ ಹಾಕುವ ಫಿಲ್ಲರ್ ಹಿಡಿಯುವುದನ್ನು ಕಲಿಸಿದ್ದನ್ನು ನಾನೇ ನೋಡಿದ್ದೇನೆ. ಆದರೆ ಕಾಗದದ ಮೇಲೆ ಬಂದರೆ ಅದೇ ಅಕ್ಕ 250 ಮಿಲಿಗ್ರಾಮಿಗೆ 250 ಗ್ರಾಂ ಎಂದು ಬರೆಯುತ್ತಿದ್ದರು. "ಅಕ್ಕ, ಈ ರೋಗಿ ದಿನಕ್ಕೆ ಮೂರು ಸಲ ಕಾಲು ಕೆಜಿ ಮಾತ್ರೆ ನುಂಗಬೇಕು" ಎಂದರೆ, "ನುಂಗ್ಲಿ ಬಿಡು, ಅನ್ನ ಉಳೀತೈತೆ" ಎಂದು ನಗುತ್ತಿದ್ದರು. ನನಗೆ ಶಾಲೆಯಲ್ಲಿ ಗಣಿತ ಕಲಿಸಿದ ಸಿಸ್ಟರ್ ಒಬ್ಬರು, ಅಂಕಿಯ ಪಕ್ಕದಲ್ಲಿ ಅಳತೆ ಬರೆಯದಿದ್ದರೆ ಉತ್ತರ ಸರಿಯಿದ್ದರೂ ಸೊನ್ನೆ ಕೊಡುತ್ತಿದ್ದರು. ನಾನೂ ಹಾಗೇ ಕೊಟ್ಟೆ. ಮೊದಲ ವಾರ ಅಕ್ಕನಿಗೆ ಬಂದದ್ದೆಲ್ಲ ಸೊನ್ನೆ. "ಈ ಕಾನ್ವೆಂಟಮ್ಮಗೆ ಕರುಣೆ ಅನ್ನೋದೇ ಇಲ್ಲ" ಎಂದು ಗೋಡೆಗೆ ಹೇಳುತ್ತಿದ್ದರು.

ಆಮೇಲೆ ದ್ರಾವಣಗಳು. ಐದು ಪರ್ಸೆಂಟ್ ದ್ರಾವಣ ನೂರು ಎಂಎಲ್ ಮಾಡುವುದು ಹೇಗೆ? ನೂರು ಎಂಎಲ್ ನೀರಿಗೆ ಐದು ಗ್ರಾಂ ಪುಡಿ ಹಾಕುವುದು ಎನ್ನುತ್ತಿದ್ದರು ಅಕ್ಕ. ಅಲ್ಲ, ಮೊದಲು ಪುಡಿ ಕರಗಿಸಿಕೊಂಡು, ಆಮೇಲೆ ಒಟ್ಟು ನೂರು ಆಗುವಷ್ಟು ನೀರು ಸೇರಿಸುವುದು. ಎಷ್ಟು ಹೇಳಿದರೂ ಅವರಿಗೆ ಅದರಲ್ಲಿ ವ್ಯತ್ಯಾಸ ಕಾಣಲಿಲ್ಲ. ಕೊನೆಗೆ ಒಂದು ಲೋಟದಲ್ಲಿ ಕಂಠಮಟ್ಟ ನೀರಿಟ್ಟು, "ಈಗ ಸಕ್ಕರೆ ಸುರೀರಿ" ಎಂದೆ. ಅಕ್ಕ ಅಂಗಡಿಯ ಧಾರಾಳದಲ್ಲಿ ಸುರಿದರು. ನೀರು ಕಟ್ಟೆಯಿಂದ ನೆಲಕ್ಕೆ, ನೆಲದಿಂದ ದೇವರ ಗೂಡಿನ ಕಡೆಗೆ ಹರಿಯಿತು. ಲೋಟದೊಳಗೆ ಸಕ್ಕರೆಗೂ ಜಾಗ ಬೇಕು ಎನ್ನುವುದು ಅಕ್ಕನಿಗೆ ಆ ದಿನ ಅರ್ಥವಾಯಿತು. ಅತ್ತೆಗೆ ಅರ್ಥವಾದದ್ದು ಮೂರು ದಿನದ ಇರುವೆ ಸಾಲು.

ಆದರೆ ನಮ್ಮಿಬ್ಬರನ್ನೂ ನಿಜವಾಗಿ ಸತಾಯಿಸಿದ್ದು ಆಲಿಗೇಷನ್. ಎರಡು ಬೇರೆ ಬೇರೆ ಶಕ್ತಿಯ ದ್ರಾವಣ ಬೆರೆಸಿ ನಡುವಿನ ಶಕ್ತಿಯದೊಂದು ಮಾಡುವ ಲೆಕ್ಕ. ತೊಂಬತ್ತು ಪರ್ಸೆಂಟ್ ಆಲ್ಕೊಹಾಲ್ ಇದೆ, ನಲವತ್ತರದು ಇದೆ, ಅರವತ್ತರದು ಬೇಕು. ಯಾವುದು ಎಷ್ಟು ಪಾಲು? ಎಡಗಡೆ ಮೇಲೆ ತೊಂಬತ್ತು, ಕೆಳಗೆ ನಲವತ್ತು, ನಡುವೆ ಅರವತ್ತು ಬರೆದುಕೊಂಡು, ಅಡ್ಡಡ್ಡ ಗೆರೆ ಎಳೆದು ಕಳೆಯುತ್ತಾ ಹೋಗಬೇಕು. ನಲವತ್ತಕ್ಕೂ ಅರವತ್ತಕ್ಕೂ ಇರುವ ಅಂತರ ಇಪ್ಪತ್ತು ಬಲಗಡೆ ಮೇಲಿನ ಮೂಲೆಗೆ. ತೊಂಬತ್ತಕ್ಕೂ ಅರವತ್ತಕ್ಕೂ ಇರುವ ಮೂವತ್ತು ಕೆಳಗಿನ ಮೂಲೆಗೆ. ಅಂದರೆ ತೊಂಬತ್ತರದು ಎರಡು ಪಾಲು, ನಲವತ್ತರದು ಮೂರು. ಅಕ್ಕ ಗೆರೆಯನ್ನು ನೇರ ಎಳೆದುಬಿಡುತ್ತಿದ್ದರು. ಪಾಲು ತಿರುಗುಮುರುಗಾಗುತ್ತಿತ್ತು. ಎರಡು ಸಲ ಪರೀಕ್ಷೆಯಲ್ಲಿ ಮುಳುಗಿಸಿದ್ದೂ ಇದೇ.

ಒಂದು ಮಧ್ಯಾಹ್ನ ಇದನ್ನು ಜೋರಾಗಿ ಬಾಯಿಪಾಠ ಮಾಡುತ್ತಿದ್ದೆವು. ಹಜಾರದಲ್ಲಿ ಮಲಗಿದ್ದ ಅತ್ತೆಗೆ ಇಂಗ್ಲಿಷ್ ಬಾರದು; ಆದರೆ ಆಲ್ಕೊಹಾಲ್ ಎಂಬ ಒಂದು ಪದ ಯಾರಿಗೆ ತಿಳಿಯುವುದಿಲ್ಲ? ಸಂಜೆ ನಮ್ಮ ಯಜಮಾನರು ಬಸ್ಸಿಳಿದು ಬರುವುದನ್ನೇ ಗೇಟಿನಲ್ಲಿ ಕಾದು, ತಗ್ಗಿದ ದನಿಯಲ್ಲಿ ಏನೇನೋ ಹೇಳಿದರಂತೆ. ಯಜಮಾನರ ತೆಲುಗು ಕಾರ್ಖಾನೆಯ ತೆಲುಗು. ಬೋಲ್ಟು ನಟ್ಟಿನಾಚೆ ಅಷ್ಟಾಗಿ ಹೋಗದು. ಮೇಲೆ ಬಂದವರು ಚಪ್ಪಲಿ ಬಿಡುವ ಮೊದಲೇ ನನ್ನ ಮುಖದ ಹತ್ತಿರ ಬಂದು ಮೂಸಿದರು.

"ಏನ್ರೀ ಇದು?"

"ತೊಂಬತ್ತು ಪರ್ಸೆಂಟಂತೆ. ಸೋಡಾನಾದ್ರೂ ಬೆರೆಸ್ಕೊಂಡ್ರಾ?"

ನಾನು ನಕ್ಕ ಸದ್ದಿಗೆ ಕೆಳಗೆ ಅತ್ತೆ ಇನ್ನಷ್ಟು ಗಾಬರಿಯಾದರು. ಅಕ್ಕ ಪುಸ್ತಕ ತಂದು ತೋರಿಸಿ, ಇದು ಔಷಧಿ ಮಾಡುವ ಸ್ಪಿರಿಟ್ಟು ಎಂದು ಬಿಡಿಸಿ ಹೇಳುವಷ್ಟರಲ್ಲಿ ಸಾಕುಸಾಕಾಯಿತು. ಅತ್ತೆ ಎಲ್ಲ ಕೇಳಿ, "ಸರಿ. ಆದರೆ ಮೆಲ್ಲಗೆ ಓದಿ. ಬೀದಿಗೆ ಕೇಳಿಸುತ್ತೆ" ಎಂದರು.

ಧನುರ್ಮಾಸ ಬಂತು. ಆಂಧ್ರದ ಹೆಂಗಸರಿಗೆ ಆ ತಿಂಗಳು ಮುಗ್ಗು ಹಾಕುವ ತಿಂಗಳು. ನಾವು ರಂಗೋಲಿ ಎನ್ನುತ್ತೇವಲ್ಲ, ಅದು. ಬೆಳಗಿನ ಜಾವವೇ ಎದ್ದು ಒಬ್ಬರಿಗಿಂತ ಒಬ್ಬರು ದೊಡ್ಡದಾಗಿ ಹಾಕುತ್ತಾರೆ. ಅಕ್ಕ ಹದಿನೈದು ಚುಕ್ಕಿಯ ಮುಗ್ಗನ್ನು ಒಂದೇ ಎಳೆಯಲ್ಲಿ ಸುತ್ತುವುದನ್ನು ನಾನು ಬಾಲ್ಕನಿಯಿಂದ ನೋಡುತ್ತಿದ್ದೆ. ಎಲ್ಲಿ ಅಡ್ಡ ದಾಟಬೇಕು, ಎಲ್ಲಿ ತಿರುಗಬೇಕು, ಬೆರಳಿಗೇ ಗೊತ್ತಿತ್ತು. ಮೇಲಿನಿಂದಲೇ ಕೂಗಿದೆ: "ಅಕ್ಕ, ನಾಳೆ ಆಲಿಗೇಷನ್ ಹಾಕಿ!"

ಮಾರನೆಯ ದಿನ ಹಾಕಿದರು. ಮೂಲೆಗೊಂದು ಅಂಕಿ, ನಡುವೆ ಅರವತ್ತು, ಅಡ್ಡಡ್ಡ ಗೆರೆ, ಅಂಕಿಗಳ ಸುತ್ತ ತಾವರೆಯ ದಳ, ಹಳದಿ ಕೆಂಪು ಬಣ್ಣ ಬೇರೆ. ಗೆರೆ ಅಡ್ಡವೇ ಹೋಗಿತ್ತು! ಒಮ್ಮೆಯೂ ನೇರ ಹೋಗಲಿಲ್ಲ. ಆ ಸಂತೋಷದಲ್ಲಿ ಅಳಿಸುವುದನ್ನೇ ಮರೆತು ಅಂಗಡಿಗೆ ಹೊರಟುಹೋದರು. ಹೂ ಮಾರುವವಳು ಕೇಳಿದಳು, ಪಕ್ಕದ ಮನೆಯಾಕೆ ಕೇಳಿದರು: ಇದೇನು ಹೊಸ ಮುಗ್ಗು? ಅತ್ತೆ ಏನು ಹೇಳಿಯಾರು? ಲಡ್ಡು ಹಂಚಿದ ಕೈ. ಸೊಸೆ ಮತ್ತೆ ಪರೀಕ್ಷೆಗೆ ಓದುತ್ತಿದ್ದಾಳೆ ಎನ್ನುವ ಹಾಗಿಲ್ಲ. ಗಂಭೀರವಾಗಿ, "ಅದೊಂದು ಯಂತ್ರ. ಮನೆಗೆ ಒಳ್ಳೆಯದು. ಹೆಚ್ಚು ಕೇಳಬೇಡಿ" ಎಂದುಬಿಟ್ಟರು.

ಹೆಚ್ಚು ಕೇಳಬೇಡಿ ಎಂದದ್ದೇ ತಪ್ಪಾಯಿತು. ಮೂರನೆಯ ದಿನ ಅಕ್ಕನ ಜೊತೆ ಹಾಲಿಗೆಂದು ಹೊರಟರೆ, ಐದು ಮನೆಯ ಬಾಗಿಲಲ್ಲಿ ತೊಂಬತ್ತು ಪರ್ಸೆಂಟ್ ಆಲ್ಕೊಹಾಲ್! ಒಬ್ಬರು ನಾಲ್ಕು ಮೂಲೆಗೂ ಚೆಂಡುಹೂ ಇಟ್ಟಿದ್ದರು. ಒಬ್ಬರು ಅರವತ್ತರ ಮೇಲೆ ದೀಪ ಹಚ್ಚಿದ್ದರು. ನಾನು ಸೆರಗು ಬಾಯಿಗೆ ತುರುಕಿಕೊಂಡು ನಡೆದೆ. ಅಕ್ಕ ತಲೆ ತಗ್ಗಿಸಿ ಬೇಗಬೇಗ ಹೆಜ್ಜೆ ಹಾಕುತ್ತಿದ್ದರು. ಆದರೆ ಮೂಲೆಮನೆಯ ಮುಂದೆ ಬಂದಾಗ ನಿಂತುಬಿಟ್ಟರು. ಆ ಮನೆಯಾಕೆ ಸೊಂಟಕ್ಕೆ ಕೈ ಕೊಟ್ಟು ತಮ್ಮ ಮುಗ್ಗಿನ ಚಂದ ನೋಡುತ್ತಿದ್ದರು.

"ಇಲ್ಲಿ ಐವತ್ತು ಯಾಕೆ ಹಾಕಿದ್ರಂಡಿ?" ಅಕ್ಕ ತೆಲುಗಿನಲ್ಲಿ ಕೇಳಿದರು. "ಮೂವತ್ತಿರಬೇಕು."

"ಐವತ್ತಾದ್ರೆ ತುಂಬಿಕೊಂಡು ಕಾಣುತ್ತೆ ಅಂತ..."

"ಚಂದಕ್ಕೆ ಹಾಕೋದಲ್ಲ ಇದು. ತೊಂಬತ್ತರಲ್ಲಿ ಅರವತ್ತು ಹೋದರೆ ಎಷ್ಟು? ಮೂವತ್ತು. ಅದು ಹೀಗೆ ಅಡ್ಡ ಬಂದು ಈ ಮೂಲೆಗೆ ಬೀಳಬೇಕು." ಅಕ್ಕ ಹಾಲಿನ ಪಾತ್ರೆ ನನ್ನ ಕೈಗೆ ಕೊಟ್ಟು, ಕುಕ್ಕರುಗಾಲಲ್ಲಿ ಕೂತು ಐವತ್ತನ್ನು ಅಳಿಸಿ, ಅವರದೇ ಹಿಟ್ಟಿನಲ್ಲಿ ಮೂವತ್ತು ಬರೆದರು.

ಆಕೆಯ ಮುಖ ಬಿಳಿಚಿತು. ಎರಡು ದಿನ ತಪ್ಪು ಯಂತ್ರ ತುಳಿದು ಓಡಾಡಿದ್ದರಲ್ಲ. ಹತ್ತಿರ ಬಂದು ಪಿಸುಗುಟ್ಟಿದರು: "ತಪ್ಪಾದರೆ ಏನಾಗುತ್ತಮ್ಮ?"

ಅಕ್ಕ ಇನ್ನೂ ಲೆಕ್ಕದಲ್ಲೇ ಇದ್ದರು. ತಲೆಯೆತ್ತದೆ ಹೇಳಿದರು: "ಎರಡು ಮಾರ್ಕ್ ಹೋಗುತ್ತೆ."

ಹೇಳಿದ ಮೇಲೆ ನಾಲಿಗೆ ಕಚ್ಚಿಕೊಂಡರು. ಆದರೆ ಆಗಿದ್ದು ಆಗಿಹೋಗಿತ್ತು. ನಾವು ಹಾಲು ತಂದು ಕಾಯಿಸುವಷ್ಟರಲ್ಲಿ ಬೀದಿಗೆ ಬೀದಿಯೇ ಗೊತ್ತಾಗಿತ್ತು: ಯಂತ್ರವಲ್ಲ, ಪರೀಕ್ಷೆ, ಪಾಸಾಗಿಲ್ಲ, ಫೇಲು. ದೀಪ ಹಚ್ಚಿದವರು ಬಂದು, "ಅಷ್ಟು ಎಣ್ಣೆ ಸುಟ್ಟೆನಲ್ಲ!" ಎಂದು ಗೇಟಿನಲ್ಲಿ ನಿಂತು ಜಗಳ ತೆಗೆದರು. ಅತ್ತೆ ಒಳಗಿನಿಂದ ಚಿಲಕ ಹಾಕಿಕೊಂಡರು. ಅಕ್ಕ ಅಡುಗೆಮನೆಯಲ್ಲಿ ಪುಸ್ತಕ ಮುಚ್ಚಿಟ್ಟು ಕೂತಿದ್ದರು. "ಅಂಗಡಿ ಹೋದ್ರೂ ಹೋಗ್ಲಿ ಅಂತಿದ್ದೆ. ಈಗ ಮಾನನೂ ಹೋಯ್ತು ನೋಡು" ಎಂದರು. ಆ ದಿನ ಮಾತ್ರ ಅವರು ನಗಲಿಲ್ಲ. ಸೊನ್ನೆ ಕೊಡುವುದು ಸುಲಭ, ಸಮಾಧಾನ ಹೇಳುವುದು ನನಗೆ ಯಾವ ಸಿಸ್ಟರೂ ಕಲಿಸಿರಲಿಲ್ಲ.

ಸಂಜೆ ಮೂಲೆಮನೆಯಾಕೆ ಬಂದರು. ನಾನು ಇನ್ನೊಂದು ಜಗಳ ಎಂದುಕೊಂಡೆ. ಆಕೆ ಹಿಟ್ಟಿನ ಡಬ್ಬಿಯನ್ನು ಜಗಲಿಯ ಮೇಲಿಟ್ಟು, "ಲಡ್ಡು ತಿಂದಾಗಿದೆ, ವಾಪಸ್ ಕೊಡೋಕಾಗಲ್ಲ. ಪಾಸಾಗಲೇಬೇಕು ನೀನು. ನಾಳೆಗೆ ಬೇರೆ ಲೆಕ್ಕ ಕೊಡು, ಇದೇ ಹಾಕಿ ಹಾಕಿ ಬೇಸರ ಬಂತು" ಎಂದರು.

ಹಾಗೆ ಶುರುವಾಯಿತು. ಭೋಗಿ ಹಬ್ಬದವರೆಗೆ ನಮ್ಮ ಬೀದಿಯಲ್ಲಿ ಮನೆಗೊಂದು ಲೆಕ್ಕ. ನಾನು ಸಂಜೆ ಚೀಟಿಯಲ್ಲಿ ಎಡಗಡೆಯ ಅಂಕಿ, ನಡುವಿನ ಅಂಕಿ ಬರೆದು ಹಂಚುತ್ತಿದ್ದೆ. ಹೆಂಗಸರು ಬೆಳಿಗ್ಗೆ ಬಲಗಡೆಯ ಮೂಲೆ ಖಾಲಿ ಬಿಟ್ಟು ಹಾಕುತ್ತಿದ್ದರು. ಅಕ್ಕ ಹಿಟ್ಟಿನ ಡಬ್ಬಿ ಹಿಡಿದು ಒಂದೊಂದೇ ಬಾಗಿಲಲ್ಲಿ ಕೂತು ತುಂಬುತ್ತಾ ಬರುತ್ತಿದ್ದರು. ಅಂಕಿಯ ಪಕ್ಕದಲ್ಲಿ "ಪಾಲು" ಎಂದು ಬರೆಯಲು ಮರೆತರೆ ನಾನು ಹಿಂದಿನಿಂದ ಸೊನ್ನೆ ಎನ್ನುವೆ. ಎಣ್ಣೆ ಸುಟ್ಟವರು ಕೊನೆಗೆ ಎಲ್ಲರಿಗಿಂತ ಚುರುಕಾಗಿ ಕಲಿತು, ಅಕ್ಕನಿಗಿಂತ ಮೊದಲು ಉತ್ತರ ಹೇಳಿ ಬೈಸಿಕೊಳ್ಳುತ್ತಿದ್ದರು.

ಪರೀಕ್ಷೆಯಲ್ಲಿ ಆಲಿಗೇಷನ್ ಬಂತು. ಅಕ್ಕ ಅಭ್ಯಾಸಬಲದಿಂದ ಉತ್ತರಪತ್ರಿಕೆಯಲ್ಲೂ ಅಂಕಿಗಳಿಗೆ ತಾವರೆಯ ದಳ ಬರೆದುಬಿಟ್ಟಿದ್ದರಂತೆ. ಆಮೇಲೆ ಅಳಿಸಲಾಗದೆ ಹಾಗೇ ಕೊಟ್ಟು ಬಂದರು. ಫಲಿತಾಂಶ ನನ್ನ ಫೋನಿನಲ್ಲಿ ನೋಡಿದೆವು. ಪಾಸು. ಅತ್ತೆ ಈ ಸಲ ಅವಸರಪಡಲಿಲ್ಲ. "ಒಂದೂ ಬಿಡದೆ?" ಎಂದು ನನ್ನನ್ನು ಎರಡು ಸಲ ಕೇಳಿ, ಆಮೇಲೆ ಲಡ್ಡು ತರಿಸಿದರು.

ಆ ವರ್ಷವೇ ಯಜಮಾನರಿಗೆ ವಿಜಯವಾಡಕ್ಕೆ ವರ್ಗವಾಯಿತು. ಡಿಪ್ಲೊಮಾದ ಮೇಲಿನ ಕಡ್ಡಾಯ ತರಬೇತಿಯ ತಿಂಗಳುಗಳು ಮುಗಿದ ಮೇಲೆ (ಆ ಹಿರಿಯರು ಅಲ್ಲಿಯತನಕ ತಡೆದರಂತೆ), ಇಲ್ಲಿಯ ಕಚೇರಿಯಲ್ಲಿ ಆಗಬೇಕಿದ್ದ ರಿಜಿಸ್ಟ್ರೇಷನ್ ಕೆಲಸಕ್ಕೆಂದು ಅಕ್ಕ ಅತ್ತೆಯನ್ನೂ ಕರೆದುಕೊಂಡು ಬಂದು ನಮ್ಮಲ್ಲಿ ಎರಡು ದಿನ ಇದ್ದರು. ದೇವಿಯ ಗುಡಿಯಿರುವ ಇಂದ್ರಕೀಲಾದ್ರಿ ಬೆಟ್ಟ ಹತ್ತಿದೆವು. ಸಾಲಿನಲ್ಲಿ ನೂಕುನುಗ್ಗಲು. ಅಕ್ಕ ಫೈಲನ್ನು ತಲೆಯ ಮೇಲೆ ಎರಡೂ ಕೈಯಲ್ಲಿ ಎತ್ತಿ ಹಿಡಿದಿದ್ದರು, ಕುಂಕುಮ ತಾಗದಿರಲೆಂದು. ಸರ್ಟಿಫಿಕೇಟು ಬಂದ ದಿನ ಫೋನ್ ಮಾಡಿದ್ದರು: ಫ್ರೇಮನ್ನು ಅತ್ತೆಯೇ ಮಡಿಲಲ್ಲಿಟ್ಟುಕೊಂಡು ಆಟೋದಲ್ಲಿ ತಂದರಂತೆ, ಮೊಳೆ ಎಲ್ಲಿ ಹೊಡೆಯಬೇಕೆಂದು ಅರ್ಧ ಗಂಟೆ ಗಲಾಟೆಯಾಯಿತಂತೆ. "ಬಿಳಿ ಕೋಟ್ ಹಾಕೀನಿ ನೋಡವ್ವ, ಗಿರಾಕಿಗಳು ಡಾಕ್ಟ್ರಮ್ಮ ಅಂತಾರೆ" ಎಂದು ಬಿದ್ದು ಬಿದ್ದು ನಕ್ಕರು.

ಎರಡು ವರ್ಷ ಹಾಗೆ ನಿಂತರು. ಹೋದ ವರ್ಷ ಮಳೆಗಾಲದಲ್ಲಿ ಬಂದ ಜ್ವರ... ನಾಲ್ಕೇ ದಿನ. ಊರಿಗೆಲ್ಲ ಅಳೆದು ಅಳೆದು ಔಷಧಿ ಕೊಟ್ಟವರು. ನನಗೆ ಸುದ್ದಿ ಬಂದಾಗ ಎಲ್ಲ ಮುಗಿದಿತ್ತು.

ನಾನು ಹೋಗುವಷ್ಟರಲ್ಲಿ ಅಂಗಡಿಯನ್ನು ಬೇರೆಯವರಿಗೆ ವಹಿಸುವ ಮಾತಾಗಿತ್ತು. ಅತ್ತೆ ಮಗಳ ಮನೆಗೆ ಹೊರಟಿದ್ದರು. ಗೋಡೆಗೆ ಇನ್ನು ಹೊಸಬರ ಸರ್ಟಿಫಿಕೇಟು ಬರಬೇಕು. ಅಕ್ಕನದನ್ನು ಇಳಿಸಲು ಅತ್ತೆ ನನ್ನನ್ನು ಕರೆದುಕೊಂಡು ಹೋದರು. ಸ್ಟೂಲ್ ಹತ್ತಿ ತೆಗೆದೆ. ಧೂಳು ಒರೆಸಿ ಕೈಗೆ ಕೊಟ್ಟರೆ, ಅವರು ಅದನ್ನು ನನಗೇ ತಿರುಗಿಸಿ ಹಿಡಿದರು. "ಇದರಲ್ಲಿ ಏನು ಬರೆದಿದೆ ಅಂತ ನನಗೆ ಯಾರೂ ಓದಿ ಹೇಳಲಿಲ್ಲ ಕಣಮ್ಮ" ಎಂದರು. ನಾನು ಓದಿದೆ. ಇಂಥ ಹೆಸರಿನವರು, ರಿಜಿಸ್ಟರ್ಡ್ ಫಾರ್ಮಸಿಸ್ಟ್. ಅಷ್ಟು ವರ್ಷ ಅಕ್ಕ ಅಕ್ಕ ಎಂದು ಕೂಗಿದ ನಾನು ಅವರ ಹೆಸರನ್ನು ಬಾಯಿಬಿಟ್ಟು ಹೇಳಿದ್ದು ಅದೇ ಮೊದಲು. ಬೇರೆ ಯಾರದೋ ಹೆಸರು ಓದಿದ ಹಾಗಾಯಿತು.

"ಇನ್ನೊಂದು ಸಲ ಓದು" ಎಂದರು ಅತ್ತೆ.

ಓದಿದೆ. ಆ ಹೆಸರನ್ನು ಇಲ್ಲಿಯೂ ಬರೆಯೋಣವೆಂದು ಈಗ ಪೆನ್ನು ಹಿಡಿದು ಬಹಳ ಹೊತ್ತಾಯಿತು. ಕೈ ಬರುತ್ತಿಲ್ಲ... ಹೆಸರು ಬರೆದರೆ ಅದು ಸರ್ಟಿಫಿಕೇಟಿನಲ್ಲಿರುವವರ ಕತೆಯಾಗುತ್ತದೆ. ನನಗೆ ತೀರಿಹೋದವರು ಅಕ್ಕ.